ಚಾವಡಿಯೊಳಗಿನ ಗಾಳಿಮರ

ಟಕ್.

ಅಷ್ಟೇ. ಹಲ್ಲಿ ಲೊಚಗುಟ್ಟಿದರೆ ಹೀಗೆ ಕೇಳಿಸುವುದಿಲ್ಲ. ಹೆಗ್ಗಣವಾದರೆ ಇಷ್ಟು ಚುಟುಕಾಗಿ ಮುಗಿಸುವುದಿಲ್ಲ. ಶಂಕರಪುರದ ‘ಕಜೆಟನ್ ವಿಲ್ಲಾ’ ಎಂಬ ಹೊಸ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಚಾವಡಿಯ ತಾರಸಿಯ ನಟ್ಟನಡುವಿನಿಂದ ಬಂದ ಆ ಸದ್ದಿಗೆ ಮನೆಯ ಯಜಮಾನ ಕಜೆಟನ್ ಮಥಾಯಸ್ ಹಾಸಿಗೆಯಲ್ಲಿ ಎದ್ದು ಕುಳಿತ.

“ಎಂತ ಅದು?” ಪಕ್ಕದಲ್ಲಿ ಹೆಂಡತಿ ಜೆರ್ಟ್ರೂಡ್ ಕಣ್ಣು ತೆರೆಯದೆ ಕೇಳಿದಳು.

“ಎಂತದ್ದೂ ಇಲ್ಲ. ಬೆಕ್ಕು.”

“ನಮ್ಮಲ್ಲಿ ಬೆಕ್ಕೆಲ್ಲಿ ಉಂಟು?”

“ಪಕ್ಕದ ಮನೆಯದ್ದು. ನೀನು ಮಲಗು.”

ಈ ಬೆಕ್ಕು ಕಜೆಟನನ ಮೊದಲನೆಯ ಸುಳ್ಳು. ಮುಂದೆ ಬಂದವುಗಳಿಗೆ ಹೋಲಿಸಿದರೆ ಅದು ತುಂಬ ಸಾಧು ಪ್ರಾಣಿಯಾಗಿತ್ತೆಂದೇ ಹೇಳಬೇಕು.

ಕಜೆಟನ್ ಉಡುಪಿಯ ಬಸ್ ಕಂಪೆನಿಯೊಂದರಲ್ಲಿ ಟಿಕೆಟ್ ಬುಕಿಂಗ್ ಗುಮಾಸ್ತ. ಸುತ್ತಮುತ್ತ ಎಲ್ಲರಿಗೂ ಹೆಂಚಿನ ಮನೆ ಇರುವಾಗ ತನ್ನದೊಂದಕ್ಕೆ ತಾರಸಿ ಇರಬೇಕೆಂದು ಅವನಿಗೆ ಮನಸ್ಸಾಯಿತು. ತಾಲೂಕು ಬೋರ್ಡಿನಿಂದ ಪ್ಲಾನು ಪಾಸಾಯಿತು. ಚಾವಡಿ ದೊಡ್ಡದು, ಆದ್ದರಿಂದ ನಡುವೆ ಅಡ್ಡಲಾಗಿ ಒಂದು ಕಾಂಕ್ರೀಟ್ ಬೀಮು ಇರಬೇಕು, ಸರಳುಗಳು ಇಷ್ಟಿಷ್ಟು ಹತ್ತಿರ ಇರಬೇಕು ಎಂದು ಅದರಲ್ಲಿ ಗೆರೆ ಎಳೆದು ತೋರಿಸಿದ್ದರು. ಆದರೆ ಚೀನಾ ಯುದ್ಧ ಮುಗಿದ ಮಾರನೆಯ ವರ್ಷ ಅದು. ಸಿಮೆಂಟಿಗೆ ಪರ್ಮಿಟ್ಟು ಬೇಕು, ಸರಳಿನ ಬೆಲೆ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಆಗ ಮೇಸ್ತ್ರಿ ಕಿಟ್ಟ ಬೀಡಿ ಸೇದುತ್ತಾ, ನಮ್ಮ ಕಡೆ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವಂತೆ ‘ಪೊರ್ಬು’ ಎಂದು ಕರೆದು ಅವನನ್ನು ಸಮಾಧಾನಪಡಿಸಿದ್ದ.

“ಬೀಮು ಎಂತಕ್ಕೆ ಪೊರ್ಬುಗಳೇ? ಬೋರ್ಡಿನವರು ಹೇಳಿದಷ್ಟು ಕಬ್ಬಿಣ ಹಾಕಿದರೆ ಮೇಲೆ ಆನೆ ಕಟ್ಟಬಹುದು. ನೀವು ಆನೆ ಸಾಕುತ್ತೀರಾ?”

ಅಂಥ ಉದ್ದೇಶ ತನಗಿಲ್ಲವೆಂದು ಕಜೆಟನ್ ಒಪ್ಪಿಕೊಂಡ. ಆನೆಯ ಪಾಲಿನ ಕಬ್ಬಿಣ ಉಳಿಯಿತು. ಉಳಿದದ್ದು ಗೇಟಿನ ಮೇಲೆ ಕಮಾನಾಗಿ ಬಗ್ಗಿ, ‘ವಿಲ್ಲಾ’ ಎಂಬ ಹೆಸರನ್ನು ಹೊತ್ತುಕೊಂಡಿತು.

ಕಾಂಕ್ರೀಟ್ ಹಾಕುವ ದಿನ ಸರಳು ನೋಡಲು ಕಾರ್ಕಳದಿಂದ ಬೋರ್ಡಿನ ಓವರ್ಸಿಯರ್ ಬಂದಿದ್ದ. ಹೆಸರು ವಲೇರಿಯನ್. ತೆಳ್ಳಗಿನ ಹುಡುಗ, ತಲೆಗೆ ದೊಡ್ಡ ಸೋಲಾ ಟೊಪ್ಪಿ. ಕಜೆಟನ್ ಅವನನ್ನು ಏಣಿಯ ಹತ್ತಿರ ಬಿಡದೆ ನೇರ ಅಡುಗೆಮನೆಯ ಕಡೆ ನಡೆಸಿದ. ಜೆರ್ಟ್ರೂಡಳ ಇಡ್ಲಿಯಂಥ ಬಿಸಿ ಸನ್ನಾಗಳನ್ನು ಹಂದಿ ಮಾಂಸದ ಸಾರಿನಲ್ಲಿ ಅದ್ದಿ ಮುಗಿಸಿ ಹುಡುಗ ಕೈ ತೊಳೆಯುವಷ್ಟರಲ್ಲಿ ಮೇಲೆ ಕಾಂಕ್ರೀಟ್ ಹರಡಿಯಾಗಿತ್ತು. ಒದ್ದೆ ಕೈಯಲ್ಲೇ ಸಹಿ ಹಾಕಿ, “ಮನೆ ನಂಬರು ಕೊಡುವ ಮೊದಲು ಇನ್ನೊಮ್ಮೆ ಬರುತ್ತೇನೆ” ಎಂದು ಹೇಳಿ ಹೋಗಿದ್ದ.

ಈಗ ಬರುವ ಶನಿವಾರ ಅವನು ಬರುವವನಿದ್ದ. ಈ ಹೊತ್ತಿನಲ್ಲೇ ಟಕ್.

ಬೆಳಗಾಗುವುದನ್ನೇ ಕಾದು ಕಜೆಟನ್ ಚಾವಡಿಗೆ ಹೋಗಿ ಮೇಲೆ ನೋಡಿದ. ಕೂದಲೆಳೆಯಷ್ಟು ಸಣ್ಣದೊಂದು ಗೆರೆ ಈ ಗೋಡೆಯಿಂದ ಹೊರಟು ಆ ಗೋಡೆಯ ಕಡೆ ಪ್ರಯಾಣ ಬೆಳೆಸಿತ್ತು. ಅರ್ಧ ದಾರಿ ಕ್ರಮಿಸಿಯೂ ಆಗಿತ್ತು. ಅದರ ನೇರ ಕೆಳಗೆ, ಮಣಿಪಾಲದಲ್ಲಿ ಓದುತ್ತಿರುವ ಮಗಳು ಸೋಫಿಯಾ ವಾರಕ್ಕೊಮ್ಮೆ ಬಂದಾಗ ಮಲಗುವ ಮಂಚ ಇತ್ತು. ಕಜೆಟನ್ ಕಾಫಿಯನ್ನೂ ಕುಡಿಯದೆ ಮಂಚವನ್ನು ಒಳಕೋಣೆಗೆ ಎಳೆದು ಹಾಕಿ, ಕಿಟ್ಟನ ಮನೆಗೆ ಓಡಿದ.

“ಕೆಳಗಿನಿಂದ ನಾಲ್ಕಾರು ಕಂಬ ಕೊಟ್ಟುಬಿಡಿ ಪೊರ್ಬುಗಳೇ,” ಎಂದ ಕಿಟ್ಟ, ಸ್ವಲ್ಪವೂ ಗಾಬರಿಯಾಗದೆ. “ತಾರಸಿಗೆ ಅಭ್ಯಾಸ ಆಗುವವರೆಗೆ.”

ಕಾಪುವಿನ ಕಡಲ ಕರೆಯಿಂದ ಗಾಳಿಮರದ ಕಂಬಗಳನ್ನು ಎತ್ತಿನ ಗಾಡಿಯಲ್ಲಿ ತರಿಸುವುದೆಂದಾಯಿತು. ಯಾರೂ ನೋಡಬಾರದೆಂದು ಕಜೆಟನ್ ಕತ್ತಲಾದ ಮೇಲೆ ಬರಲು ಹೇಳಿದ್ದ. ಗಾಡಿಯವನು ಕಾಪುವಿನ ಶೇಂದಿ ಅಂಗಡಿಯಲ್ಲಿ ಕತ್ತಲನ್ನು ಕಳೆದು, ಮಾರನೆಯ ದಿನ ಬೆಳಕು ಹರಿದ ಮೇಲೆ ನಿಧಾನವಾಗಿ ಹಾಡು ಹೇಳುತ್ತಾ ಬಂದ. ಶಂಕರಪುರದಲ್ಲಿ ಬೆಳಗಿನ ಹೊತ್ತು ಎಂದರೆ ಪ್ರತಿ ಮನೆಯ ಜಗಲಿಯಲ್ಲೂ ಹೆಂಗಸರು ಮಲ್ಲಿಗೆ ಕಟ್ಟುವ ಹೊತ್ತು. ಅವರ ಕೈಗಳಿಗೆ ಮಾತ್ರ ಕೆಲಸ, ಕಣ್ಣುಗಳಿಗೆ ಬಿಡುವು. ಗಾಡಿ ತುಂಬ ಕಂಬಗಳು ಒಂದೊಂದೇ ಜಗಲಿಯನ್ನು ದಾಟಿ ‘ಕಜೆಟನ್ ವಿಲ್ಲಾ’ದ ಕಮಾನಿನೊಳಗೆ ಹೋದವು.

ಮದುವೆಯ ವಯಸ್ಸಿನ ಹುಡುಗಿ ಇರುವ ಮನೆಗೆ ಕಂಬಗಳ ಗಾಡಿ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಮಾಟೊವ್! ಮದುವೆಯ ಚಪ್ಪರ! ಗಾಡಿಯ ಎತ್ತುಗಳಿಗೆ ನೀರು ಕುಡಿಸುವ ಮೊದಲೇ ಪಕ್ಕದ ಮನೆಯ ಕಾನ್ಸೆಪ್ಟಾ ಬಾಯಿ, ಅರ್ಧ ಕಟ್ಟಿದ ಹೂವನ್ನು ಕೈಯಲ್ಲೇ ಹಿಡಿದು ಬಂದಾಯಿತು.

“ಕಜೆಟನಾಬಾ! ಪಕ್ಕದ ಮನೆಯವರಿಗೆ ಒಂದು ಮಾತು ಇಲ್ಲ ಅಲ್ವಾ? ಸೋಫಿಯಾಗೆ ಎಲ್ಲಿಂದ?”

ಕಜೆಟನ್ ಒಂದು ಕಂಬವನ್ನು ಮಗುವಿನಂತೆ ಅಪ್ಪಿಕೊಂಡು ನಿಂತಿದ್ದ. ಅವನ ಮುಂದೆ ಎರಡು ದಾರಿಗಳಿದ್ದವು. ತನ್ನ ತಾರಸಿ ಬೀಳುತ್ತದೆ ಎಂದು ಹೇಳುವುದು. ಇಲ್ಲವೇ ಮಗಳಿಗೆ ಮದುವೆ ಎಂದು ಹೇಳುವುದು. ಮೊದಲನೆಯದು ಕಾನ್ಸೆಪ್ಟಾ ಬಾಯಿಗೆ ತಿಳಿದರೆ ಹತ್ತು ಗಂಟೆಯ ಬಸ್ಸಿನಲ್ಲಿ ಬೆಳ್ಮಣ್ಣಿಗೆ, ಅಲ್ಲಿಂದ ಕಾರ್ಕಳಕ್ಕೆ, ಅಲ್ಲಿಂದ ಬೋರ್ಡಿಗೆ ಹೋಗುತ್ತದೆ.

“ಮಾತುಕತೆ... ಉಂಟು,” ಎಂದ ಕಜೆಟನ್.

“ಯಾವ ಕಡೆ?”

ಅವನ ತಲೆಯಲ್ಲಿ ಆಗ ಇದ್ದದ್ದು ಒಂದೇ ಊರು. “ಕಾರ್ಕಳದ ಕಡೆ.”

“ಸರ್ಕಾರಿ ಕೆಲಸವಾ?”

“ಹಾಗೆಯೇ ಇಟ್ಟುಕೊಳ್ಳಿ.”

ಕಾನ್ಸೆಪ್ಟಾ ಬಾಯಿ ಹಾಗೆಯೇ ಇಟ್ಟುಕೊಂಡಳು. ಆದರೆ ತನ್ನಲ್ಲಿ ಮಾತ್ರ ಇಟ್ಟುಕೊಳ್ಳಲಿಲ್ಲ.

ಜೆರ್ಟ್ರೂಡ್ ಇದನ್ನೆಲ್ಲ ಅಡುಗೆಮನೆಯ ಬಾಗಿಲಿನ ಹಿಂದೆ ನಿಂತು ಕೇಳಿದಳು. ಗಂಡನನ್ನು ಒಳಗೆ ಕರೆದು ಚಿಲಕ ಹಾಕಿದಳು. ಗೆರೆ, ಬೀಮು, ಸರಳು, ಕಮಾನು ಎಲ್ಲವೂ ಹೊರಗೆ ಬಂದವು.

“ತಾರಸಿ ಬಿದ್ದರೆ ಒಮ್ಮೆ ಸಾಯುತ್ತೇವೆ,” ಎಂದಳು ಅವಳು. “ನೀವು ಈಗ ಹೇಳಿ ಬಂದದ್ದು ಸುಳ್ಳೆಂದಾದರೆ ನಾವು ಈ ಊರಿನಲ್ಲಿ ಪ್ರತಿ ಆದಿತ್ಯವಾರ ಸಾಯಬೇಕು.”

“ಶನಿವಾರ ಓವರ್ಸಿಯರ್ ಬಂದು ಹೋಗಲಿ. ಆಮೇಲೆ ಎಲ್ಲ ಸರಿ ಮಾಡುತ್ತೇನೆ.”

“ಅವನು ಮೇಲೆ ನೋಡಿದರೆ?”

“ಸನ್ನಾ ಮಾಡು.”

ಸಂಜೆಯೊಳಗೆ ಚಾವಡಿಯಲ್ಲಿ ಗಾಳಿಮರದ ತೋಪೊಂದು ಎದ್ದು ನಿಂತಿತು. ಅಡುಗೆಮನೆಯಿಂದ ಜಗಲಿಗೆ ಕಾಫಿ ತರಬೇಕಾದರೆ ಜೆರ್ಟ್ರೂಡ್ ಕಂಬಗಳ ನಡುವೆ ಸುತ್ತಿ ಸುತ್ತಿ ಬರಬೇಕಾಗುತ್ತಿತ್ತು. ನೋಡಲು ಬಂದವರಿಗೆ, “ಮಾಟೊವ್‌ನ ಕಂಬ. ಮಳೆ ಬಂದರೆ ಒದ್ದೆ ಆಗಬಾರದು ಅಂತ ಒಳಗೆ ಇಟ್ಟದ್ದು,” ಎಂದು ಕಜೆಟನ್ ಹೇಳಿದ. ಅದು ಮಾರ್ಚ್ ತಿಂಗಳು. ಆಕಾಶದಲ್ಲಿ ಕರವಸ್ತ್ರದಷ್ಟು ಮೋಡವೂ ಇರಲಿಲ್ಲ.

“ನಿಲ್ಲಿಸಿ ಯಾಕೆ ಇಟ್ಟಿದ್ದೀರಿ?” ಎಂದು ಕಾನ್ಸೆಪ್ಟಾಳ ಗಂಡ ರೊಸಾರಿಯೊ ಕೇಳಿದ. ಅವನಿಗೂ ತಾರಸಿ ಮನೆಯ ಆಸೆ. ಹಾಗಾಗಿ ಎಲ್ಲವನ್ನೂ ಮುಟ್ಟಿ ನೋಡುವ ಅಭ್ಯಾಸ.

“ಮಲಗಿಸಿದರೆ ಬಗ್ಗುತ್ತದೆ. ಮುಟ್ಟಬೇಡ ಮಾರಾಯ!”

ಆ ‘ಮಾರಾಯ’ ಎಷ್ಟು ಜೋರಾಗಿತ್ತೆಂದರೆ ಹೊರಗೆ ನಿಂತಿದ್ದ ಎತ್ತುಗಳು ಕಿವಿ ನಿಮಿರಿಸಿದವು.

ಗುರುವಾರ ವಿಗಾರರಿಂದ ಕರೆ ಬಂತು. ವಯಸ್ಸಾದ ಪಾದ್ರಿಗಳು ಇಗರ್ಜಿಯ ಮೆಟ್ಟಿಲಲ್ಲೇ ಕಾಯುತ್ತಿದ್ದರು.

“ಮೂರು ಆದಿತ್ಯವಾರ ಇಗರ್ಜಿಯಲ್ಲಿ ಹೆಸರು ಕೂಗದೆ ಚಪ್ಪರ ಹಾಕುವ ಕ್ರಮ ಯಾವುದು ಕಜೆಟನ್? ಹುಡುಗ ಯಾರು? ಯಾವ ಇಗರ್ಜಿ?”

“ಅದು ಇನ್ನೂ... ತನಿಖೆಯ ಹಂತದಲ್ಲಿ ಉಂಟು ಪದ್ರಾಬಾ.”

“ತನಿಖೆಯಾ? ಹುಡುಗನದ್ದಾ?”

“ಇಲ್ಲ. ನಮ್ಮದು.”

ಪಾದ್ರಿಗಳು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆ ಕೈಯ ಭಾರಕ್ಕೇ ಕಜೆಟನ್ ತಲೆ ತಗ್ಗಿಸಿ ಒಂದು ಹೆಜ್ಜೆ ಪಕ್ಕಕ್ಕೆ ಹಾರಿದ. ತಲೆಯ ಮೇಲೆ ಏನೇ ಬಂದರೂ ಆ ವಾರ ಅವನಿಗೆ ಹಾಗಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಮಣಿಪಾಲದಿಂದ ಬಂದ ಸೋಫಿಯಾ ಬ್ಯಾಗನ್ನು ಜಗಲಿಯಲ್ಲಿ ಎಸೆದಳು.

“ಪಪ್ಪಾ, ನನಗೆ ಮದುವೆಯಂತೆ! ಬಸ್ಸಿನ ಕಂಡಕ್ಟರ್ ಹೇಳಿದ. ಟಿಕೆಟಿಗೆ ದುಡ್ಡೂ ತೆಗೆದುಕೊಳ್ಳಲಿಲ್ಲ. ‘ಮದುಮಗಳಲ್ವಾ’ ಅಂತ ನಕ್ಕ.”

ಜೆರ್ಟ್ರೂಡ್ ಅವಳನ್ನು ಒಳಗೆ ಎಳೆದುಕೊಂಡು ವಿಷಯ ತಿಳಿಸುತ್ತಿರುವಾಗಲೇ ಗೇಟಿನಲ್ಲಿ ಗದ್ದಲವೆದ್ದಿತು. ಬಜಗೋಳಿಯಿಂದ ಜೆರ್ಟ್ರೂಡಳ ಅಣ್ಣ ಲಿಯೋನೆಲ್, ಹೆಂಡತಿ ಮಕ್ಕಳು ಸಮೇತ ಬಾಡಿಗೆ ವ್ಯಾನಿನಲ್ಲಿ ಇಳಿಯುತ್ತಿದ್ದ. ವ್ಯಾನಿನ ಹಿಂದಿನಿಂದ, ಕಾಲು ಕಟ್ಟಿ ಗಳುವಿಗೆ ಏರಿಸಿದ ಭಾರೀ ಹಂದಿಯೊಂದು ಇಳಿಯಿತು.

“ಸೋದರಮಾವನಿಗೆ ಹೇಳದೆ ಮದುವೆ ಮಾಡುತ್ತೀರಾ ಭಾವ? ಇರಲಿ. ನಿಮ್ಮ ಮರ್ಯಾದೆ ನಿಮಗೆ, ನನ್ನ ಮರ್ಯಾದೆ ನನಗೆ. ಇಗೊಳ್ಳಿ, ಮದುವೆಯ ಹಂದಿ!”

ಹಂದಿ ಆ ಪರಿಚಯಕ್ಕೆ ಗುರ್ರೆಂದಿತು. ಅದನ್ನು ಎಲ್ಲಿ ಕಟ್ಟುವುದೆಂಬ ಪ್ರಶ್ನೆ ಎದ್ದಿತು. ಸುತ್ತಲೂ ಮಲ್ಲಿಗೆ ಗಿಡಗಳು. ಹಂದಿ ಬಿಡಿಸಿಕೊಂಡು ಅವುಗಳ ಬುಡ ಕೆದಕಿದರೆ ಇಡೀ ಕೇರಿಯ ಅನ್ನಕ್ಕೆ ಕಲ್ಲು. ಮೊದಲು ಹೆದರಿದ್ದು ಕಾನ್ಸೆಪ್ಟಾ ಬಾಯಿ. ಬೇಲಿಯ ಆಚೆಯಿಂದ ಅವಳು ಕೂಗಿದಳು, “ಕೆಳಗೆ ಕಟ್ಟಬೇಡಿ! ಮೇಲೆ ಕಟ್ಟಿ! ತಾರಸಿಯಲ್ಲಿ!”

“ಅದು ಸರಿ,” ಎಂದ ಲಿಯೋನೆಲ್. “ತಾರಸಿ ಮತ್ತೆ ಎಂತಕ್ಕೆ?”

ಕಜೆಟನ್ ಬೇಡವೆಂದು ಬಾಯಿ ತೆರೆಯಬೇಕು. ಅಷ್ಟರಲ್ಲಿ ಗೇಟಿನ ಕಮಾನಿನ ಕೆಳಗೆ ಸೋಲಾ ಟೊಪ್ಪಿ ಕಾಣಿಸಿತು.

ಓವರ್ಸಿಯರ್ ವಲೇರಿಯನ್ ಕೈಯಲ್ಲಿ ಸುತ್ತಿದ ಪ್ಲಾನು ಹಿಡಿದುಕೊಂಡು ನಿಂತಿದ್ದ. ಕೇರಿಗೆ ಕೇರಿಯೇ ಬೇಲಿಗೆ ಒರಗಿತು. ಕಾರ್ಕಳದ ಕಡೆಯವನು. ಸರ್ಕಾರಿ ಕೆಲಸದವನು. ಶನಿವಾರದ ದಿನ ಶುಚಿಯಾದ ಬಿಳಿ ಪ್ಯಾಂಟು. ಇನ್ನು ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ.

“ಬಂದ!” ಎಂದು ಯಾರೋ ಅಂದರು.

“ಒಬ್ಬನೇ ಬಂದಿದ್ದಾನೆ, ಧೈರ್ಯಸ್ಥ.”

“ತೆಳ್ಳಗೆ ಇದ್ದಾನೆ. ನಮ್ಮ ಹಂದಿಯಿಂದ ಸರಿಯಾಗುತ್ತಾನೆ,” ಎಂದ ಲಿಯೋನೆಲ್, ಮುಂದೆ ಹೋಗಿ ಅವನನ್ನು ತಬ್ಬಿಕೊಂಡ. ಟೊಪ್ಪಿ ಕೆಳಗೆ ಬಿತ್ತು. ಮೂವರು ಹೆಂಗಸರು ಅದನ್ನು ಎತ್ತಿಕೊಟ್ಟರು.

ವಲೇರಿಯನನಿಗೆ ಕಿರಿಕಿರಿಯಾಯಿತು. ಕಳೆದ ಸಲ ಸನ್ನಾ, ಈ ಸಲ ಅಪ್ಪುಗೆ. ಇದೆಲ್ಲ ತನ್ನ ಕಣ್ಣು ಕಟ್ಟುವ ಉಪಾಯವೆಂದು ಅವನು ನಿಶ್ಚಯ ಮಾಡಿಕೊಂಡ. “ಕಾಫಿ ಬೇಡ. ತಿಂಡಿ ಬೇಡ. ಮೊದಲು ಚಾವಡಿ ನೋಡಬೇಕು,” ಎಂದು ಒಳಗೆ ನಡೆದ.

“ಹುಡುಗಿಗಿಂತ ಮೊದಲು ಮನೆ ನೋಡುತ್ತಾನೆ,” ಎಂದಳು ಕಾನ್ಸೆಪ್ಟಾ ಬಾಯಿ, ಕೆನ್ನೆಗೆ ಕೈಯಿಟ್ಟು. “ಲೆಕ್ಕಾಚಾರದವನು.”

ಒಳಗೆ ವಲೇರಿಯನ್ ಗಾಳಿಮರದ ತೋಪಿನ ನಡುವೆ ನಿಂತು ತಲೆ ಎತ್ತಿದ. ಗೆರೆಯ ಜಾಡು ಹಿಡಿದು ಕಣ್ಣು ಓಡಿಸಿದ. ಸೋಫಿಯಾ ಒಳಬಾಗಿಲಿನಲ್ಲಿ ನಿಂತಿದ್ದಳು.

“ನೀವು ನನ್ನನ್ನು ನೋಡಲು ಬಂದವರಲ್ಲ ಅಲ್ವಾ?” ಎಂದು ಅವಳು ಕೇಳಿದಳು.

“ಅಲ್ಲ. ಚಾವಣಿ ನೋಡಲು.”

“ಒಳ್ಳೆಯದಾಯಿತು. ಸರಿಯಾಗಿ ನೋಡಿ.”

“ಬೀಮು ಎಲ್ಲಿ?” ವಲೇರಿಯನನ ದನಿ ಸಣ್ಣದಾಗಿತ್ತು. ಕಜೆಟನ್ ಒಂದು ಕಂಬದ ಹಿಂದೆ ಸರಿದ. ಆ ಕಂಬ ಅವನನ್ನು ಮರೆಮಾಡುವಷ್ಟು ದಪ್ಪವಿರಲಿಲ್ಲ.

ಆಗ ಮೇಲಿನಿಂದ ಧಪ್ ಎಂದಿತು. ಆಮೇಲೆ ಗೊರಸುಗಳು ಕಾಂಕ್ರೀಟನ್ನು ಗೀರುವ ಸದ್ದು.

“ಮೇಲೆ ಎಂತ ಉಂಟು?”

“ಹಂದಿ,” ಎಂದ ಕಜೆಟನ್. ಆ ವಾರ ಮನೆಯ ಹೊರಗಿನವರಿಗೆ ಅವನು ಆಡಿದ ಮೊದಲ ನಿಜ ಅದು.

ಹೊರಗಿನ ಮೆಟ್ಟಿಲಿನಲ್ಲಿ ಹಂದಿಯನ್ನು ಹೊತ್ತು ಏರಿಸಿದವರು ಕೆಳಗಿಳಿಯದೆ ಮೇಲೆಯೇ ನಿಂತಿದ್ದರು. ಅವರ ಹಿಂದೆ ಹಂದಿ ನೋಡಲು ಗಂಡಸರು, ಗಂಡಸರ ಹಿಂದೆ ತಾರಸಿ ನೋಡಲು ಹೆಂಗಸರು, ಅವರ ಹಿಂದೆ ಮಕ್ಕಳು. ಶಂಕರಪುರದವರು ಮೊದಲ ಸಲ ಒಂದು ಮನೆಯ ನೆತ್ತಿಯ ಮೇಲೆ ನಿಂತು ತಮ್ಮ ತಮ್ಮ ಹೆಂಚುಗಳನ್ನು ಮೇಲಿನಿಂದ ನೋಡುತ್ತಿದ್ದರು. ಲಿಯೋನೆಲ್ ಹೆಜ್ಜೆ ಹಾಕಿ ಅಳೆಯುತ್ತಿದ್ದ. “ಮಾಟೊವ್ ಇಲ್ಲೇ ಹಾಕುವ! ಬ್ಯಾಂಡಿನವರು ಈ ಮೂಲೆಗೆ! ಕುಣಿಯುವವರು ನಡುವಿನಲ್ಲಿ!” ಎಂದು ನಡುವೆ ನಿಂತು ಎರಡು ಹೆಜ್ಜೆ ಕುಣಿದೂ ತೋರಿಸಿದ.

ಕೆಳಗೆ ವಲೇರಿಯನನ ಟೊಪ್ಪಿಯ ಮೇಲೆ ಸಿಮೆಂಟಿನ ಪುಡಿ ಉದುರಿತು. ಗೆರೆ ಈಗ ಕೂದಲೆಳೆಯಾಗಿರಲಿಲ್ಲ. ಬೆರಳು ತೂರಿಸಬಹುದಿತ್ತು. ನಡುವಿನ ಕಂಬ ಬಿಲ್ಲಿನಂತೆ ಬಾಗಿ, ಕರ್‌ ಕರ್‌ ಎನ್ನತೊಡಗಿತು. ಕಜೆಟನ್ ಅದನ್ನು ಎರಡು ಕೈಯಿಂದ ತಬ್ಬಿಕೊಂಡ. ವಲೇರಿಯನ್ ಪ್ಲಾನನ್ನು ಎಸೆದು ಇನ್ನೊಂದು ಕಂಬಕ್ಕೆ ಭುಜ ಕೊಟ್ಟ.

“ಕೆಳಗೆ ಇಳಿಯಿರಿ!” ಎಂದು ವಲೇರಿಯನ್ ಕಿಟಕಿಯ ಕಡೆ ಕಿರುಚಿದ. “ಎಲ್ಲರೂ ಇಳಿಯಿರಿ! ಇದು ಬೋರ್ಡಿನ ಅಪ್ಪಣೆ!”

ಮೇಲಿನಿಂದ ಲಿಯೋನೆಲ್‌ನ ದನಿ ಬಂತು. “ಹುಡುಗನಿಗೆ ಹೇಳಿ ಭಾವ, ಸೋದರಮಾವನಿಗೆ ಅಪ್ಪಣೆ ಮಾಡುವುದು ಮದುವೆ ಆದ ಮೇಲೆ!”

ಮೇಲೆ ಎಲ್ಲರೂ ನಕ್ಕರು. ಅಷ್ಟು ಜನ ಒಟ್ಟಿಗೆ ನಕ್ಕಾಗ ತಾರಸಿಯೂ ಅಲುಗಿತು.

“ಯಾರ ಮದುವೆ?” ಎಂದ ವಲೇರಿಯನ್.

“ನಿಮ್ಮದು. ಆಮೇಲೆ ಹೇಳುತ್ತೇನೆ,” ಎಂದಳು ಸೋಫಿಯಾ, ತಾಯಿಯನ್ನು ಹಿತ್ತಿಲಿನ ಬಾಗಿಲಿನಿಂದ ಹೊರಗೆ ದೂಡುತ್ತಾ. “ಪಪ್ಪಾ, ಬೀಳುತ್ತದೆ ಅಂತ ಹೇಳಿ! ನಿಜ ಹೇಳಿಬಿಡಿ!”

ಕಜೆಟನ್ ಬಾಯಿ ತೆರೆದ. ನಿಜ ಹೇಳಿದರೆ ಏನಾಗುತ್ತದೆಂದು ಅವನಿಗೆ ಹೊಳೆಯಿತು. ಬೀಳುತ್ತದೆಂದು ಕೇಳಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ಓಡುತ್ತಾರೆ, ಓಡಿದರೆ ಖಂಡಿತ ಬೀಳುತ್ತದೆ. ಇಪ್ಪತ್ತು ವರ್ಷ ಬುಕಿಂಗ್ ಕಿಟಕಿಯಲ್ಲಿ ಕುಳಿತು ಜನ ನುಗ್ಗುವುದನ್ನು ನೋಡಿದವನು ಅವನು. ಜನರನ್ನು ಸಾಲಾಗಿ, ನಿಧಾನವಾಗಿ, ಸಂತೋಷದಿಂದ ಬರುವಂತೆ ಮಾಡಬೇಕು.

“ಊಟಕ್ಕೆ ಬನ್ನಿ!” ಎಂದು ಕೂಗಿದ. “ಎಲೆ ಹಾಕಿಯಾಯ್ತು! ಒಬ್ಬೊಬ್ಬರಾಗಿ ಬನ್ನಿ! ಮೊದಲು ಹಿರಿಯರು!”

ಮೇಲೆ ಕುಣಿತ ನಿಂತಿತು. ಆಮೇಲೆ ಹೆಜ್ಜೆಗಳು ಅಂಚಿನ ಕಡೆ ಸರಿದವು. ಯಾರೂ ಓಡಲಿಲ್ಲ, ಊಟಕ್ಕೆ ಓಡಿದರೆ ಮರ್ಯಾದೆ ಹೋಗುತ್ತದೆ. ಹಿರಿಯರಿಗೆ ದಾರಿ ಬಿಟ್ಟು, ಸೆರಗು, ಪಂಚೆ ಸರಿಮಾಡಿಕೊಂಡು, “ನೀವು ಮುಂದೆ ಹೋಗಿ”, “ಇಲ್ಲ, ನೀವು” ಎಂದು ಉಪಚಾರ ಮಾಡುತ್ತಾ ಅವರು ಇಳಿದರು. ಆ ಉಪಚಾರದ ಒಂದೊಂದು ಮಾತಿಗೂ ಕಜೆಟನನ ಅಂಗಿ ಇನ್ನಷ್ಟು ಒದ್ದೆಯಾಗುತ್ತಿತ್ತು. ಕೊನೆಗೆ, ಒಳ್ಳೆಯ ಊಟದ ಮನೆಯಲ್ಲಿ ತನ್ನ ಹಂದಿಯನ್ನು ಒಂಟಿಯಾಗಿ ಬಿಡಲೊಲ್ಲದ ಲಿಯೋನೆಲ್ ಅದನ್ನೂ ಹೊರಿಸಿಕೊಂಡು ಇಳಿದ.

ಎಲ್ಲರೂ ಅಂಗಳದಲ್ಲಿ ಎಲೆ ಹುಡುಕುತ್ತಿರುವಾಗ ಇಬ್ಬರೂ ಕಂಬಗಳನ್ನು ಮೆಲ್ಲನೆ ಬಿಟ್ಟು ಹಿಂದೆ ಸರಿದರು. ಬಾಗಿಲು ದಾಟಿದ್ದಷ್ಟೇ. ಚಾವಣಿಯಿಂದ ಮರಿಗೆಯಷ್ಟು ಅಗಲದ ಕಾಂಕ್ರೀಟ್ ಚೂರೊಂದು ಕಳಚಿ, ಮದುಮಗನಿಗೆಂದು ಯಾರೋ ತಂದಿಟ್ಟಿದ್ದ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ನೆಲಕ್ಕೆ ಚಪ್ಪಟೆಯಾಯಿತು. ಹೊರಗಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ವಲೇರಿಯನ್ ಆ ಕುರ್ಚಿಯನ್ನು ನೋಡಿ ಟೊಪ್ಪಿ ತೆಗೆದ.

“ಆ ದಿನ ನಾನು ಸರಳು ನೋಡಲಿಲ್ಲ,” ಎಂದ. “ಸನ್ನಾ ತಿನ್ನುತ್ತಾ ಇದ್ದೆ. ಚಾವಡಿಯ ತಾರಸಿಯನ್ನು ಈ ವಾರವೇ ಒಡೆಸಿ. ಒಡೆಸದಿದ್ದರೆ ಬೋರ್ಡಿಗೆ ನಿಮ್ಮದನ್ನೂ ಬರೆಯುತ್ತೇನೆ, ನನ್ನದನ್ನೂ ಬರೆಯುತ್ತೇನೆ.”

“ಒಡೆಸುತ್ತೇನೆ ಸರ್,” ಎಂದ ಕಜೆಟನ್. ಅವನ ಕಣ್ಣು ಇನ್ನೂ ಕುರ್ಚಿಯ ಮೇಲಿತ್ತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಓವರ್ಸಿಯರ್ ಮುಖ ಗಂಟಿಕ್ಕಿಕೊಂಡು, ಯಾರನ್ನೂ ಮಾತಾಡಿಸದೆ, ಜೆರ್ಟ್ರೂಡ್ ಅವಸರದಲ್ಲಿ ಹೊಂದಿಸಿದ ಗಂಜಿ ಉಪ್ಪಿನಕಾಯಿಗಾಗಿ ಸಾಲಾಗಿ ಕುಳಿತವರ ನಡುವೆ ದಾಟಿ ಗೇಟಿನಿಂದ ಹೊರಗೆ ಹೋದ. ಇದನ್ನು ಇಡೀ ಕೇರಿ ನೋಡಿತು. ಆ ವಾರದಲ್ಲೇ ಆಳುಗಳು ಸುತ್ತಿಗೆ ಹಿಡಿದು ಚಾವಡಿಯ ಮೇಲೆ ಬಿದ್ದದ್ದನ್ನೂ ನೋಡಿತು. ಕಾಂಕ್ರೀಟ್ ಹೋದ ಜಾಗದಲ್ಲಿ ಮರದ ಪಕ್ಕಾಸು ಎದ್ದು ಮಂಗಳೂರು ಹೆಂಚು ಬಂತು. ಏಕೆಂದು ಕೇಳಿದವರಿಗೆ ಕಜೆಟನ್ ಉತ್ತರ ಕೊಡಲಿಲ್ಲ. ಹೊಸ ಸುಳ್ಳು ಹೇಳುವ ಶಕ್ತಿಯೇ ಅವನಲ್ಲಿ ಉಳಿದಿರಲಿಲ್ಲ.

ಆ ಕೆಲಸವನ್ನು ಊರು ವಹಿಸಿಕೊಂಡಿತು. ಕೆಲವು ದಿನಗಳ ನಂತರ ಒಂದು ಆದಿತ್ಯವಾರ ಇಗರ್ಜಿಯ ಅಂಗಳದಲ್ಲಿ ರೊಸಾರಿಯೊ ಹತ್ತಾರು ಜನರ ನಡುವೆ ನಿಂತು ಹೇಳುತ್ತಿದ್ದ.

“ಆ ಕಾರ್ಕಳದವನು ಹುಡುಗಿಯ ಮುಖವನ್ನೂ ನೋಡಲಿಲ್ಲ. ತಾರಸಿ ನೋಡಿದ, ಗೋಡೆ ನೋಡಿದ. ಮನೆಯನ್ನೇ ವರದಕ್ಷಿಣೆಗೆ ಕೇಳಿದ್ದಾನೆ! ಕಜೆಟನಾಬ್ ಎಂತ ಮಾಡಿದರು ಗೊತ್ತುಂಟಾ? ‘ನೀನು ಆಸೆಪಟ್ಟ ತಾರಸಿ ನನಗೂ ಬೇಡ’ ಅಂತ ಒಡೆದೇ ಹಾಕಿದರು! ಅಪ್ಪ ಅಂದರೆ ಹಾಗಿರಬೇಕು.”

ಪಾದ್ರಿಗಳು ಬಂದು ಕಜೆಟನನ ಕೈ ಕುಲುಕಿದರು. ಕಾನ್ಸೆಪ್ಟಾ ಬಾಯಿ ಕಣ್ಣು ಒರೆಸಿಕೊಂಡಳು. ಸೋಫಿಯಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕಜೆಟನ್ ರೊಸಾರಿಯೊನನ್ನು ಮಾತ್ರ ಒಂದು ಬದಿಗೆ ಕರೆದ.

“ನೀನು ತಾರಸಿ ಹಾಕುವುದಾದರೆ ಬೀಮು ಬಿಡಬೇಡ. ಸರಳು ಪ್ಲಾನಿನಲ್ಲಿ ಎಷ್ಟುಂಟೋ ಅಷ್ಟೂ ಹಾಕು.”

“ಯಾಕೆ?”

“ಚಂದ ಕಾಣುತ್ತದೆ.”

ಸೋಮವಾರ ಉಡುಪಿಯ ಬುಕಿಂಗ್ ಕಿಟಕಿಯಲ್ಲಿ ಒಂದು ಸೋಲಾ ಟೊಪ್ಪಿ ಬಗ್ಗಿತು. ಸಾಲಿನಲ್ಲಿದ್ದ ಶಂಕರಪುರದವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಒಬ್ಬಳು ಮುದುಕಿ ಬೇಕೆಂದೇ ಜೋರಾಗಿ ಕ್ಯಾಕರಿಸಿ ಉಗುಳಿದಳು.

“ಕಾರ್ಕಳಕ್ಕೆ ಒಂದು,” ಎಂದ ವಲೇರಿಯನ್. ಆಮೇಲೆ ದನಿ ತಗ್ಗಿಸಿ, “ಈ ಕಡೆ ಬಂದರೆ ಎಲ್ಲರೂ ನನ್ನನ್ನು ಹೀಗೆ ಯಾಕೆ ನೋಡುತ್ತಾರೆ? ನಾನು ಎಂತ ಮಾಡಿದ್ದೇನೆ?”

ಕಜೆಟನನ ಕೈ ಟಿಕೆಟ್ ಪುಸ್ತಕದ ಮೇಲೆ ನಿಂತಿತು. ಈ ಹುಡುಗ ತನ್ನ ಜೊತೆ ಕಂಬಕ್ಕೆ ಭುಜ ಕೊಟ್ಟವನು. ಕಿಟಕಿಯಿಂದ ತಲೆ ಹೊರಗೆ ಹಾಕಿ ಎರಡು ಮಾತು ಹೇಳಿದರೆ ಸಾಕಿತ್ತು. ಅವನು ತಲೆಯನ್ನು ಹೊರಗೆ ಹಾಕಿದನು ಕೂಡ. ಸಾಲಿನಲ್ಲಿದ್ದವರೆಲ್ಲ ಅವನನ್ನು ನೋಡಿ, ಮಗಳ ಮಾನಕ್ಕಾಗಿ ಮನೆ ಒಡೆದವನಿಗೆ ಸಲ್ಲಬೇಕಾದ ಗೌರವದಿಂದ ಕೈ ಮುಗಿದರು.

“ನಿಮ್ಮ ಟೊಪ್ಪಿ ಚಂದ ಉಂಟು ಸರ್. ಅದಕ್ಕೇ ನೋಡುತ್ತಾರೆ,” ಎಂದ ಕಜೆಟನ್, ತಲೆಯನ್ನು ಒಳಗೆ ಎಳೆದುಕೊಂಡು.

ಅವನಿಗೆ ಡ್ರೈವರನ ಪಕ್ಕದ ಒಳ್ಳೆಯ ಸೀಟನ್ನೇ ಬರೆದುಕೊಟ್ಟ. ಬಸ್ಸು ಹೊರಟು ಧೂಳು ಕುಳಿತ ಮೇಲೆ ಲೆಕ್ಕ ಹಾಕಿ ನೋಡಿದ. ಬೆಕ್ಕಿನ ಸುಳ್ಳು ತನ್ನದು, ಕಂಬದ್ದು ತನ್ನದು, ಊಟದ್ದೂ ತನ್ನದೇ. ಇವನ್ನೆಲ್ಲ ಬರುವ ಶನಿವಾರ ಪಾದ್ರಿಗಳ ಮುಂದೆ ಮೊಣಕಾಲೂರಿ ನಿವೇದಿಸಿಕೊಳ್ಳಬಹುದು. ಆದರೆ ಈ ದೊಡ್ಡದನ್ನು ತಾನು ಹೇಳಿದವನಲ್ಲ, ಊರು ಹೇಳಿದ್ದು. ಊರಿನ ಪಾಪವನ್ನು ಒಬ್ಬ ಗುಮಾಸ್ತ ನಿವೇದಿಸಲು ಬರುತ್ತದೆಯೇ? ಇದನ್ನು ಯಾರಿಗೂ ಹೇಳುವುದಿಲ್ಲ, ಪಾದ್ರಿಗಳಿಗೂ ಇಲ್ಲ ಎಂದು ಕಜೆಟನ್ ತೀರ್ಮಾನಿಸಿದ. ಸಾಲಿನಲ್ಲಿ ಮುಂದಿನವರನ್ನು ಕರೆದ.